ಬೇಲಿಯವರೆಗಿನ ಬಾನುಲಿ

ಮಸ್ಕತ್

ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮಲ್ಪೆಯ ಮೀನು ಮಾರುವ ಹೆಂಗಸರು. ಅವರ ಸ್ವರ ತುಂಬಿದ ಕ್ಯಾಸೆಟ್ಟುಗಳು ನನ್ನ ಚೀಲದಲ್ಲಿದ್ದವು. ಎಂಬತ್ತರ ದಶಕದ ಕೊನೆಯ ಆ ದಿನಗಳಲ್ಲಿ ಹೊರಗಿನಿಂದ ತಂದ ಕ್ಯಾಸೆಟ್ಟುಗಳನ್ನು ಕೇಳಿ ನೋಡಿಯೇ ಒಳಗೆ ಬಿಡುತ್ತಿದ್ದರು. ಸುಂಕದ ಅಧಿಕಾರಿ ಒಂದನ್ನು ಯಂತ್ರಕ್ಕೆ ಹಾಕಿದ. ಆ ತಣ್ಣಗಿನ ಕೋಣೆಯಲ್ಲಿ ನಮ್ಮ ತುಳು ಚೌಕಾಸಿ ಏರುಸ್ವರದಲ್ಲಿ ಶುರುವಾಯಿತು.

“ಝಗಡಾ?” ಎಂದು ಹಿಂದಿಯಲ್ಲಿ ಕೇಳಿದ.

ಜಗಳವಲ್ಲ, ಮೀನು ವ್ಯಾಪಾರ ಎಂದೆ. ಯಾವ ಮೀನು ಎಂದ. ಬಂಗುಡೆ ಎಂದರೆ ತಿಳಿಯಲಿಲ್ಲ, ಕೈಯಲ್ಲಿ ಉದ್ದ ತೋರಿಸಿದೆ. ಮತ್ರಾದ ಮೀನುಕಟ್ಟೆಯಲ್ಲೂ ಹೀಗೇ ಕೂಗುತ್ತಾರೆ, ಆದರೆ ಅಲ್ಲಿ ಕೂಗುವವರು ಗಂಡಸರು ಎಂದು ನಕ್ಕ. ಅಷ್ಟರಲ್ಲಿ ಟೇಪು ಯಂತ್ರಕ್ಕೆ ಸಿಕ್ಕಿಕೊಂಡು ಸುರುಳಿ ಸುರುಳಿಯಾಗಿ ಹೊರಬಂತು. ಆತ ಕ್ಷಮೆ ಕೇಳಿ, ಪೆನ್ಸಿಲ್ ತೂರಿಸಿ, ನನ್ನ ಹಿಂದೆ ನಿಂತವರನ್ನೆಲ್ಲ ಕಾಯಿಸಿ, ನಿಧಾನವಾಗಿ ಸುತ್ತಿಕೊಟ್ಟ. ಸರ್ಕಾರಿ ಸಮವಸ್ತ್ರದಲ್ಲಿ ಅಂಥ ತಾಳ್ಮೆಯನ್ನು ನಾನು ನೋಡಿದ್ದು ಕಡಿಮೆ.

ನಾನು ಬಂದದ್ದು ಅಲ್ಲಿನ ಕನ್ನಡಿಗರು ನಡೆಸುತ್ತಿದ್ದ ನಾಟಕ ಸ್ಪರ್ಧೆಗೆ ತೀರ್ಪುಗಾರನಾಗಿ. ಊರಿನ ಬಾನುಲಿಯಲ್ಲಿ ಹಂಗಾಮಿ ಉದ್ಘೋಷಕನೆಂಬ ಕಾರಣಕ್ಕೆ ನನಗೆ ಆ ಮರ್ಯಾದೆ ಸಿಕ್ಕಿತ್ತು. ಕ್ಯಾಸೆಟ್ಟುಗಳು ಮಾತ್ರ ಸಿರಿಲ್‌ಗಾಗಿ. ಕಲ್ಯಾಣಪುರ ಕಡೆಯ ಕೊಂಕಣಿ ಕ್ರೈಸ್ತರಾದ ಅವರು ಯೌವನದಲ್ಲಿ ನನ್ನ ಜೊತೆ ರೇಡಿಯೋ ನಾಟಕಗಳಲ್ಲಿ ಪಾತ್ರ ಮಾಡಿದವರು. ನಮ್ಮ ತುಳುವರ ರೂಢಿಯಂತೆ ನಾನು ಅವರನ್ನು ಪೊರ್ಬುಗಳೇ ಎಂದು ಕರೆಯುತ್ತೇನೆ. ಒಮಾನ್ ದೇಶಕ್ಕೆ ಬಂದು ರಸ್ತೆ ಕಟ್ಟುವ ಕಂಪನಿಯೊಂದರ ಕಾರ್ಮಿಕರ ವಸತಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ವರ್ಷಗಳಾಗಿದ್ದವು. “ಬರುವಾಗ ಏನು ತರಲಿ?” ಎಂದು ಫೋನಿನಲ್ಲಿ ಕೇಳಿದ್ದೆ. “ಉಪ್ಪಿನಕಾಯಿ ಬೇಡ ಮಾರಾಯ್ರೆ, ಊರಿನ ಶಬ್ದ ತನ್ನಿ” ಎಂದಿದ್ದರು.

ಅಲ್ ಗುಬ್ರಾ

ಸಿರಿಲರ ಮನೆ ಅಲ್ ಗುಬ್ರಾದಲ್ಲಿ, ಮೂರನೆಯ ಮಹಡಿಯಲ್ಲಿ. ಬಾಲ್ಕನಿಯಿಂದ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಸಮುದ್ರದ ನೀರನ್ನು ಸಿಹಿ ಮಾಡುವುದೂ ಅಲ್ಲೇ. ಕುಡಿದರೆ ಯಾವ ರುಚಿಯೂ ಇಲ್ಲ. ನಮ್ಮ ಬಾವಿಯ ನೀರಿಗೆ ರುಚಿಯಿದೆಯೆಂದು ನನಗೆ ಗೊತ್ತಾದದ್ದು ಆ ಲೋಟದಿಂದ. ರಸ್ತೆಯಲ್ಲಿ ನಡೆಯುವವರೇ ಇಲ್ಲ. ಎದುರಿನ ಅಂಗಡಿಗೆ ಬ್ರೆಡ್ ತರಲು ನಡೆದು ಹೋದ ನನ್ನ ಪಕ್ಕದಲ್ಲಿ ಇಬ್ಬರು ಕಾರು ನಿಲ್ಲಿಸಿ, ಏನಾದರೂ ತೊಂದರೆಯಾ ಎಂದು ವಿಚಾರಿಸಿದರು.

ಸಿರಿಲರ ಹೆಂಡತಿ ಲಿಲ್ಲಿ ಬಾಯಮ್ಮ ಕಚೇರಿಯೊಂದರಲ್ಲಿ ಟೈಪಿಸ್ಟ್. ಮಗಳು ಅಲ್ಲಿನ ಭಾರತೀಯ ಶಾಲೆಯಲ್ಲಿ ಓದುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು.

“ಅಪ್ಪ ರೇಡಿಯೋದಲ್ಲಿ ಮಾತಾಡುವುದನ್ನು ಕೇಳಿದ್ದೀಯಾ?”

“ನೋ ಅಂಕಲ್. ಇಟ್ ಡಸಂಟ್ ಕಮ್ ಹಿಯರ್.”

ಅದು ಅಲ್ಲಿಗೆ ಬರುವಂಥದ್ದೇ ಅಲ್ಲ. ಇಬ್ರಿ ಎಂಬ ಊರಿನಿಂದ ಆಚೆ ಮರಳುಗಾಡಿನಲ್ಲಿದ್ದ ಕಂಪನಿಯ ಕ್ಯಾಂಪಿನಲ್ಲಿ ಹಿಂದೊಬ್ಬ ಇಂಜಿನಿಯರ್ ಒಂದು ಪುಟ್ಟ ಎ.ಎಂ. ಟ್ರಾನ್ಸ್‌ಮಿಟರ್ ಕೂರಿಸಿದ್ದ. ಕ್ಯಾಂಪಿನ ಬೇಲಿಯ ಆಚೆ ಕೇಳಿಸಬಾರದೆಂಬ ಷರತ್ತಿನ ಮೇಲೆ ಅದಕ್ಕೆ ಅನುಮತಿ. ಆತ ಹೋದ ಮೇಲೆ ಅದನ್ನು ನಡೆಸುತ್ತಿದ್ದವರು ಸಿರಿಲ್. ಸಂಜೆ ಕೆಲಸ ಬಿಟ್ಟ ಮೇಲೆ ಎರಡು ಗಂಟೆ ಪ್ರಸಾರ, ದಿನಕ್ಕೊಂದು ಭಾಷೆ. ಬುಧವಾರ ಕನ್ನಡ ಮತ್ತು ತುಳು. ಊರಿನ ಹಳೆಯ ಪತ್ರಿಕೆ ಓದುವುದು, ಮಳೆ ಬೆಳೆಯ ವಿಷಯ ಹೇಳುವುದು, ಯಾರ ಮನೆಯಲ್ಲಿ ಮದುವೆ, ಯಾರ ತಮ್ಮ ಪಾಸಾದ, ಎಲ್ಲ. ಉಳಿದ ಭಾಷೆಗಳಿಗೂ ಅವರು ಒಬ್ಬೊಬ್ಬರನ್ನು ಹುಡುಕಿ ತಯಾರು ಮಾಡಿದ್ದರು.

“ಅಲ್ಲಿ ಮಾತಾಡಿ ಮಾತಾಡಿ ಖಾಲಿಯಾಗಿ ಬರ್ತಾರೆ. ಇಲ್ಲಿ ಬಂದ್ರೆ ನಿದ್ದೆಯೇ. ವಾರಕ್ಕೆ ಒಂದು ದಿನ ಸಿಗುವುದು ನಮಗೆ” ಎಂದರು ಬಾಯಮ್ಮ, ನನಗೆ ಬಡಿಸುತ್ತ. “ಕಂಪನಿಯವರು ಹಾಡು ಹಾಕಿ ಅಂತಾರೆ. ಹಾಕಲಿ ಅಲ್ವಾ? ಸ್ವಿಚ್ಚು ಒತ್ತಿದ್ರೆ ಆಯ್ತು.”

ಸಿರಿಲ್ ತಟ್ಟೆಯಲ್ಲಿ ಮೀನಿನ ಮುಳ್ಳು ಬಿಡಿಸತೊಡಗಿದರು.

ಇಬ್ರಿಯ ದಾರಿ

ನಾಟಕ ಸ್ಪರ್ಧೆ ಮುಗಿದ ಮೇಲೆ ಸಿರಿಲ್ ನನ್ನನ್ನು ಕ್ಯಾಂಪಿಗೆ ಕರೆದುಕೊಂಡು ಹೊರಟರು. ನಿಜ್ವಾ ದಾಟಿದ ಮೇಲೆ ದಾರಿಯಲ್ಲಿ ಕಲ್ಲು ಬಿಟ್ಟರೆ ಕಲ್ಲು. ನಮ್ಮಲ್ಲಿ ಬೆಟ್ಟವೆಂದರೆ ಅದರ ಮೇಲೊಂದು ಹಸಿರು ಹೊದಿಕೆ ಇದ್ದೇ ಇರುತ್ತದೆ. ಇಲ್ಲಿ ಬೆಟ್ಟದ ಎಲುಬುಗಳನ್ನೇ ನೋಡುತ್ತ ಹೋಗಬೇಕು. ಮಧ್ಯೆ ಟೈರು ಪಂಕ್ಚರಾಯಿತು. ಜಾಕ್ ಎತ್ತುವಷ್ಟರಲ್ಲಿ ಪಿಕಪ್ ನಿಲ್ಲಿಸಿದ ಒಮಾನಿ ಮುದುಕನೊಬ್ಬ ತಾನೇ ಕೂತು ಚಕ್ರ ಬದಲಾಯಿಸಿದ. ಆಮೇಲೆ ಫ್ಲಾಸ್ಕಿನಿಂದ ಹಾಲಿಲ್ಲದ ಏಲಕ್ಕಿ ಕಾಫಿ ಸುರಿದು, ಖರ್ಜೂರದ ಡಬ್ಬಿ ಮುಂದಿಟ್ಟ. ನಾನು ಬಟ್ಟಲು ಖಾಲಿ ಮಾಡಿದ ಹಾಗೆಲ್ಲ ತುಂಬುತ್ತಲೇ ಹೋದ. ಸಾಕೆನ್ನಲು ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕೆಂದು ಸಿರಿಲ್ ಹೇಳಿದ್ದು ನನ್ನ ಹೊಟ್ಟೆಯಲ್ಲಿ ಕಾಫಿ ಕುಲುಕತೊಡಗಿದ ಮೇಲೆ.

ಮತ್ತೆ ಕಾರು ಹತ್ತಿದ ಮೇಲೆ ಅವರು ವಿಷಯಕ್ಕೆ ಬಂದರು.

“ಮ್ಯಾನೇಜರ್ ಮೊನ್ನೆ ಕರೆದು, ಫಾರ್ಮ್ಯಾಟ್ ಚೇಂಜ್ ಮಾಡುವಾ ಅಂದ. ಮಾತು ಬೇಡ, ಬರೇ ಹಾಡು. ನಾನು ಒಪ್ಪಲಿಲ್ಲ. ನೀವು ರೇಡಿಯೋದವರು. ನೀವೊಂದು ಮಾತು ಹೇಳಿದ್ರೆ ಅವನು ಕೇಳಿಯಾನು.”

“ನಾನು ಹಂಗಾಮಿ, ಪೊರ್ಬುಗಳೇ.”

“ಅವನಿಗೆ ಅದೆಲ್ಲ ಗೊತ್ತಿಲ್ಲ. ಹೇಳುವುದೂ ಬೇಡ.” ಸ್ವಲ್ಪ ದೂರ ಹೋದ ಮೇಲೆ ಅವರೇ ಮುಂದುವರಿಸಿದರು: “ಅಲ್ಲಿ ಇರುವವರು ಇಡೀ ದಿನ ಕೇಳುವುದು ಯಲ್ಲಾ ಯಲ್ಲಾ, ಬೇಗ ಬೇಗ ಅಂತ, ಅಷ್ಟೇ. ಸಂಜೆಗೆ ಯಾರಾದ್ರೂ ಅವರ ಭಾಷೆಯಲ್ಲಿ ಮಾತಾಡಬೇಡ್ವಾ? ನೀವೇ ಹೇಳಿ.”

ನಾನು ಅವರ ಪಕ್ಷವೆಂದು ಆಗಲೇ ತೀರ್ಮಾನಿಸಿಬಿಟ್ಟಿದ್ದೆ.

ಕ್ಯಾಂಪ್, ಬುಧವಾರ

ಕ್ಯಾಂಪ್ ಎಂದರೆ ಸಾಲು ಸಾಲು ಪೋರ್ಟಾ ಕ್ಯಾಬಿನ್ನುಗಳು, ನಡುವೆ ಊಟದ ಮೆಸ್ಸು, ನೀರಿನ ಟ್ಯಾಂಕು, ಸುತ್ತ ತಂತಿಬೇಲಿ. ಬಾನುಲಿ ನಿಲಯವೂ ಅಂಥದೇ ಒಂದು ಕ್ಯಾಬಿನ್. ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದರು. ಸಿರಿಲ್ ಪರೀಕ್ಷೆಗೆಂದು ಮೈಕಿನಲ್ಲಿ ಒಂದು ಎರಡು ಎಣಿಸುತ್ತಿದ್ದಾಗ ನಾನು ಒಂದು ಟ್ರಾನ್ಸಿಸ್ಟರ್ ಹಿಡಿದು ನಡೆದು ನೋಡಿದೆ. ಮೆಸ್ಸಿನ ಬಳಿ ಸ್ವರ ಸ್ಪಷ್ಟ, ಟ್ಯಾಂಕಿನ ಬಳಿ ಗರಗರ, ಬೇಲಿಗೆ ಬಂದರೆ ಯಾವುದೋ ದೂರದೇಶದ ನಿಲಯ ಮೇಲೇರಿ ನಮ್ಮದನ್ನು ನುಂಗಿಬಿಡುತ್ತಿತ್ತು.

ಮ್ಯಾನೇಜರ್ ಒಬ್ಬ ಇಂಗ್ಲಿಷಿನವ, ಬಿಸಿಲಿಗೆ ಕೆಂಪಾದ ಮೂಗಿನ, ಸೌಮ್ಯ ಮಾತಿನ ಮನುಷ್ಯ. ನಾನು ಮಾತೃಭಾಷೆ, ನೆನಪು, ಮನುಷ್ಯ ಸ್ವರ ಎಂದೆಲ್ಲ ಇಂಗ್ಲಿಷಿನಲ್ಲಿ ದೊಡ್ಡದಾಗಿಯೇ ಹೇಳಿದೆ. ಪೂರ್ತಿ ಕೇಳಿದ.

“ಸಿರಿಲ್ ಒಳ್ಳೆಯವನು. ಆದರೆ ಯಾವ ಭಾಷೆಯ ದಿನವೋ ಆ ಭಾಷೆಯವರು ಅವತ್ತು ಊಟ ಬಿಡುತ್ತಾರೆ” ಎಂದ. “ಮರುದಿನ ಕೆಲಸದಲ್ಲೂ ಮಂಕಾಗಿರುತ್ತಾರೆ. ಕ್ರೇನಿನ ಕೆಳಗೆ ಮಂಕಾಗಿ ನಿಲ್ಲುವವನನ್ನು ಕಂಡರೆ ನನಗೆ ಭಯ.”

ಜನರಿಂದ ಕೆಲಸ ತೆಗೆಯುವವರ ಮಾತು ಹೀಗೇ ಇರುತ್ತದೆಂದುಕೊಂಡು ಹೊರಬಂದೆ.

ಸಂಜೆ ಸಿರಿಲ್ ಮೈಕಿನ ಮುಂದೆ ಕೂತರು. ಹತ್ತು ವರ್ಷದ ಹಿಂದಿನ ಅದೇ ಸ್ವರ, ತುಂಬು, ಆತುರವಿಲ್ಲದ್ದು. ಪತ್ರಿಕೆ ಓದಿದರು. ಕಾರ್ಕಳದಲ್ಲಿ ಮಳೆಗೆ ಸೇತುವೆಯೊಂದು ಕುಸಿದದ್ದು, ಬಸ್ಸಿನ ದಾರಿ ಬದಲಾದದ್ದು. ನನ್ನನ್ನೂ ಎರಡು ಮಾತಾಡಿಸಿದರು. ಕೊನೆಗೆ, “ಇನ್ನು ಮಲ್ಪೆಗೆ ಹೋಗುವಾ” ಎಂದು ನನ್ನ ಕ್ಯಾಸೆಟ್ ಹಾಕಿದರು.

ನಾನು ಎದ್ದು ಮೆಸ್ಸಿಗೆ ಹೋದೆ. ಜನ ಹೇಗೆ ಕೇಳುತ್ತಾರೆಂದು ನೋಡುವ ಆಸೆ. ಉದ್ದನೆಯ ಮೇಜುಗಳ ಮುಂದೆ ನಮ್ಮ ಕಡೆಯವರು ಇಪ್ಪತ್ತು ಮೂವತ್ತು ಮಂದಿ. ಗೋಡೆಯ ಸ್ಪೀಕರಿನಿಂದ ಹೆಂಗಸರು ಕೂಗುತ್ತಿದ್ದರು. ಮೊದಲು ಇಬ್ಬರು ಮೂವರು ನಕ್ಕರು. ಒಬ್ಬ ಬೆಲೆ ಕೇಳಿ, “ಅಯ್ಯೋ ದುಬಾರಿಯಾಗಿದೆ” ಎಂದ. ಆಮೇಲೆ ನಗು ನಿಂತಿತು. ಕೈಗಳು ಅನ್ನದಲ್ಲೇ ನಿಂತವು. ಒಬ್ಬೊಬ್ಬರಾಗಿ ಎದ್ದು, ತಟ್ಟೆ ತೊಳೆಯುವ ಜಾಗದಲ್ಲಿ ಅನ್ನ ಸುರಿದು ಹೊರಗೆ ಹೋದರು. ಕೊನೆಗೆ ಉಳಿದವನು ಮೂವತ್ತರ ಒಳಗಿನ ಒಬ್ಬ ವೆಲ್ಡರ್. ಶೇಖರ ಅವನ ಹೆಸರು, ಪಡುಬಿದ್ರೆ ಹತ್ತಿರದವನು. ಅವನು ನನ್ನ ಬಳಿ ಬಂದ.

“ಇದು ನೀವು ಟೇಪು ಮಾಡಿದ್ದಾ?”

“ಹೌದು.”

“ಅದರಲ್ಲಿ ಒಂದು ಮಗು ಉಂಟಲ್ಲ, ಎಷ್ಟು ಪ್ರಾಯದ್ದು?”

ಯಾವ ಮಗುವೆಂದೇ ನನಗೆ ಗೊತ್ತಾಗಲಿಲ್ಲ. ನಿಲಯಕ್ಕೆ ಹೋಗಿ ಟೇಪನ್ನು ಹಿಂದೆ ತಿರುಗಿಸಿ ಕೇಳಿದೆ. ಗದ್ದಲದ ಅಡಿಯಲ್ಲಿ, ಬುಟ್ಟಿಗಳ ಹತ್ತಿರ ಎಲ್ಲೋ, ಒಂದು ಹೆಣ್ಣುಮಗು ತುಳುವಿನಲ್ಲಿ ಹಟ ಮಾಡುತ್ತಿತ್ತು. “ಅಮ್ಮಾ, ಇಲ್ಲಡೆ ಪೋಯಿ.” ಅಮ್ಮಾ, ಮನೆಗೆ ಹೋಗುವಾ. ಎಷ್ಟೋ ಸಲ ಕೇಳಿದ್ದ ಕ್ಯಾಸೆಟ್ಟು ಅದು. ಆ ಮಗುವನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಕ್ಯಾಂಪ್, ಶುಕ್ರವಾರ

ಗುರುವಾರ ಬೆಳಿಗ್ಗೆ ಶೇಖರ ಕೆಲಸದ ಬಸ್ಸು ಹತ್ತಲಿಲ್ಲ. ಮಂಚದ ಮೇಲೆ ಕೂತಿದ್ದ. ಸಿರಿಲ್ ಹೋಗಿ ಕೇಳಿದರೆ, “ನಾನು ಊರಿಗೆ ಹೋಗ್ತೇನೆ. ಖಲಾಸ್” ಎಂದನಂತೆ. ಅವನು ಬಂದಾಗ ಹೆಂಡತಿ ಬಸುರಿ. ರಜೆ ಸಿಕ್ಕಾಗಲೆಲ್ಲ ಮನೆ ಕಟ್ಟುವುದಕ್ಕೆಂದು ರಜೆಯ ಬದಲು ಸಂಬಳ ತೆಗೆದುಕೊಂಡು ಇಲ್ಲೇ ಉಳಿದಿದ್ದ. ಮಗಳನ್ನು ನೋಡಿದ್ದು ಫೋಟೋದಲ್ಲಿ. ಮಧ್ಯದಲ್ಲಿ ಬಿಟ್ಟು ಹೋದರೆ ಕಂಪನಿಯಿಂದ ಏನೂ ಸಿಗುವುದಿಲ್ಲವೆಂದು ಸಿರಿಲ್ ಮತ್ತೆ ಮತ್ತೆ ಹೇಳಿದರು. ಅವನು ತಲೆಯಾಡಿಸುತ್ತಿದ್ದ, ಅಷ್ಟೆ.

ಶುಕ್ರವಾರ ರಜೆ. ಮಧ್ಯಾಹ್ನದ ಊಟದ ಹೊತ್ತಿಗೆ ಸಿರಿಲ್ ಮೆಸ್ಸಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡರು. ಕಂಪನಿ ಹೀಗೆ ಹೇಳುತ್ತಿದೆ, ಮಾತು ಬೇಕೋ ಹಾಡು ಬೇಕೋ ನೀವೇ ಹೇಳಿ ಎಂದು ಹಿಂದಿಯಲ್ಲಿ, ಆಮೇಲೆ ಕನ್ನಡದಲ್ಲಿ ಕೇಳಿದರು. ಅವರ ಮುಖದಲ್ಲಿ ಅನುಮಾನವೇ ಇರಲಿಲ್ಲ. ಎಲ್ಲರೂ ಒಂದೇ ಸ್ವರದಲ್ಲಿ ಮಾತು ಬೇಕೆನ್ನುತ್ತಾರೆ, ಅದನ್ನು ಮ್ಯಾನೇಜರನಿಗೆ ನಾನು ತಿಳಿಸುತ್ತೇನೆ ಎಂಬ ಲೆಕ್ಕಾಚಾರ ನನ್ನದೂ ಆಗಿತ್ತು.

ಸ್ಟೀಲಿನ ಲೋಟವೊಂದು ಮೇಜಿನ ಮೇಲೆ ಸರಿದ ಸದ್ದು. ಕೊನೆಗೆ ಎದ್ದದ್ದು ಅಬ್ಬಾಸಾಕ. ಮೆಸ್ಸಿಗೆ ತರಕಾರಿ ತರುವ ಲಾರಿಯ ಚಾಲಕ, ಉಳ್ಳಾಲ ಕಡೆಯ ಬ್ಯಾರಿ, ವಯಸ್ಸಾದವರು. ಸಿರಿಲರ ಗೆಳೆಯ.

“ಪೊರ್ಬುಗಳೇ, ನೀವು ಬೇಜಾರು ಮಾಡಿಕೊಳ್ಳಬಾರದು.”

“ಹೇಳಿ ಅಬ್ಬಾಸಾಕ.”

“ನೀವು ಓದುವುದು ಚೆಂದವೇ. ಚೆಂದ ಆದದ್ದರಿಂದಲೇ ತೊಂದರೆ. ಕೇಳಿದ ಮೇಲೆ ಅನ್ನ ಇಳಿಯುವುದಿಲ್ಲ. ಊರಲ್ಲಿ ಮಳೆ ಬಂತು ಅಂತ ಹೇಳ್ತೀರಿ. ನಮ್ಮ ಮಾಡು ಸೋರ್ತದಾ ಏನೋ ಅಂತ ಆಗ್ತದೆ. ನಾವು ಇಲ್ಲಿ ಕೂತು ಎಂತ ಮಾಡುವುದು?” ಅವರು ತಲೆಯ ಟೊಪ್ಪಿ ತೆಗೆದು ಮತ್ತೆ ಇಟ್ಟುಕೊಂಡರು. “ಹಾಡೇ ಆಗಬಹುದು.”

“ಇಷ್ಟು ದಿನ ಯಾಕೆ ಹೇಳಲಿಲ್ಲ?”

“ನೀವು ಅಷ್ಟು ಪ್ರೀತಿಯಲ್ಲಿ ಮಾಡುವುದು. ಹೇಗೆ ಹೇಳುವುದು?”

ಯಾರೋ ಅದನ್ನು ಹಿಂದಿಯಲ್ಲಿ ತಿರುಗಿಸಿ ಹೇಳಿದರು. ಒಬ್ಬ ಮಲಯಾಳಿ ಹೌದೆಂದ. ಬಂಗಾಳಿಗಳ ಮೇಜಿನಿಂದಲೂ ಹೌದೆಂದರು. ಮಾತು ನಿಲ್ಲಿಸಬಾರದೆಂದು ವಾದಿಸಿದವನು ಒಬ್ಬನೇ, ಕ್ರೇನ್ ನಡೆಸುವ ಗುಲ್ ಖಾನ್ ಎಂಬ ಪಠಾಣ. ತನಗೆ ಎಲ್ಲಕ್ಕಿಂತ ಇಷ್ಟವಾಗುವುದು ಕನ್ನಡದ ದಿನ ಎಂದ. ಸಿರಿಲರ ಮುಖ ಒಂದು ಕ್ಷಣ ಅರಳಿತು. ಕನ್ನಡ ಅರ್ಥವಾಗುತ್ತದಾ ಎಂದು ಕೇಳಿದರು.

“ಒಂದಕ್ಷರವೂ ಇಲ್ಲ” ಎಂದ ಗುಲ್ ಖಾನ್ ಹಿಂದಿಯಲ್ಲಿ. “ಅದಕ್ಕೇ ಹಾಯಾಗಿ ಕೇಳುತ್ತೇನೆ.”

ಯಾರೋ ನಕ್ಕರು. ಸಿರಿಲ್ ಕೂಡ ನಗಲು ನೋಡಿದರು. ಆಮೇಲೆ, “ಆಯ್ತು, ಹಾಗೇ ಮಾಡುವಾ” ಎಂದು ಹೇಳಿ ಅಡುಗೆಮನೆಯ ಬಾಗಿಲಿನಿಂದ ಹೊರಗೆ ಹೋದರು.

ನಾನು ಹೋದಾಗ ಅವರು ನಿಲಯದ ಮೆಟ್ಟಿಲ ಮೇಲೆ ಬಿಸಿಲಿನಲ್ಲೇ ಕೂತಿದ್ದರು. ನಾಟಕದಲ್ಲಿ ಎಂಥೆಂಥ ಸಾಂತ್ವನದ ಮಾತುಗಳನ್ನು ಆಡಿದವನು ನಾನು. ಅವರ ಪಕ್ಕದಲ್ಲಿ ಹೋಗಿ ಕೂತೆ, ಅಷ್ಟೆ.

“ಬೇರೆಯವರಿಗೋಸ್ಕರ ಅಂದುಕೊಂಡಿದ್ದೆ” ಎಂದರು ಅವರು. “ಬಹುಶಃ ನನಗೇ ಬೇಕಾಗಿತ್ತು ಕಾಣ್ತದೆ.”

ಬುರೈಮಿ

ಹಾಡು ಹಾಕಬೇಕೆಂದರೆ ಹಾಡಿನ ಕ್ಯಾಸೆಟ್ಟು ಬೇಕು. ಮರುದಿನ ಇಬ್ಬರೂ ಬುರೈಮಿಗೆ ಹೋದೆವು. ಗಡಿಯ ಪೇಟೆ ಅದು. ಆಚೆ ಕಡೆಯ ಅಲ್ ಐನ್‌ನಿಂದ ಬಂದ ಸರಕು ಅಲ್ಲಿ ಬೀದಿಗೆ ಚೆಲ್ಲಿಕೊಂಡಿರುತ್ತದೆ. ಒಂದೇ ಅಂಗಡಿಯಲ್ಲಿ ಕಂಬಳಿ, ಕುಕ್ಕರು, ಅತ್ತರು. ನಮ್ಮೂರಿನ ಅಂಗಡಿಯವರು ಗಿರಾಕಿಯನ್ನು ಮಾತಿನಲ್ಲಿ ಕಟ್ಟಿಹಾಕುತ್ತಾರೆ. ಇಲ್ಲಿ ಮೊದಲು ಕುರ್ಚಿ ಕೊಟ್ಟು, ಚಹಾ ತರಿಸಿ, ಕೊಳ್ಳದೆ ಏಳಲಾಗದಂತೆ ಮಾಡುತ್ತಾರೆ.

ಕ್ಯಾಸೆಟ್ ಅಂಗಡಿಯವನು ಮಂಗಳೂರಿನವನೇ, ಸಿರಿಲರಿಗೆ ಪರಿಚಯದವನು. ಯಾವ ಹಾಡು ಬೇಕು ಎಂದ. ಸಿರಿಲ್ ಕಪಾಟಿನ ಮುಂದೆ ತುಂಬ ಹೊತ್ತು ನಿಂತರು. ಊರು ಬಿಟ್ಟಾಗಿನಿಂದ ಅವರು ಸಿನಿಮಾ ಹಾಡು ಕೇಳಿದ್ದೇ ಕಡಿಮೆಯಂತೆ.

“ದುಃಖದ್ದು ಬೇಡ. ಖುಷಿಯದ್ದು ಕೊಡಿ” ಎಂದರು.

“ಲೇಬರ್ ಕ್ಯಾಂಪಿಗಲ್ವಾ? ಅಲ್ಲಿಗೆ ದುಃಖದ್ದೇ ಹೆಚ್ಚು ಹೋಗುವುದು.”

ಸಿರಿಲ್ ನನ್ನ ಮುಖ ನೋಡಿದರು. ಪ್ರೇಯಸಿ ಕೈಬಿಟ್ಟು ಹೋದಳೆಂದು ಅಳುವ ಹಾಡು ಕೇಳಿದರೆ ಅನ್ನ ಇಳಿಯುತ್ತದೆ, ಕಾರ್ಕಳದ ಸೇತುವೆಯ ಸುದ್ದಿ ಕೇಳಿದರೆ ಇಳಿಯುವುದಿಲ್ಲ. ನನಗೆ ಆಗ ಅದು ವಿಚಿತ್ರವೆನಿಸಲಿಲ್ಲ. ಮೆಸ್ಸಿನಲ್ಲಿ ನಿಂತು ನೋಡಿದ್ದೆನಲ್ಲ. ಎರಡು ಪೆಟ್ಟಿಗೆ ಕ್ಯಾಸೆಟ್ಟು ತುಂಬಿಸಿಕೊಂಡು ಹಿಂತಿರುಗಿದೆವು.

ಆ ಸಂಜೆಯಿಂದಲೇ ಹೊಸ ಕ್ರಮ ಶುರುವಾಯಿತು. ಸಿರಿಲ್ ತಮ್ಮ ಹೆಸರು ಹೇಳಲಿಲ್ಲ, ನಮಸ್ಕಾರವನ್ನೂ ಹೇಳಲಿಲ್ಲ. ಒಂದು ಕ್ಯಾಸೆಟ್ಟು ಮುಗಿದರೆ ಇನ್ನೊಂದು ಹಾಕಿದರು. ಮೆಸ್ಸಿನಲ್ಲಿ ಚಮಚ ತಟ್ಟೆಗಳ ಸದ್ದು, ಗಲಾಟೆ, ಯಾರೋ ಹಾಡಿನ ಜೊತೆ ಶಿಳ್ಳೆ ಹಾಕಿದ್ದು ನಿಲಯದವರೆಗೂ ಕೇಳಿಸುತ್ತಿತ್ತು. ಎಲ್ಲರೂ ಉಂಡರು. ಮ್ಯಾನೇಜರ್ ಬಂದು ಸಿರಿಲರ ಭುಜ ತಟ್ಟಿ ಹೋದ.

ಬೊಂಬಾಯಿ

ನಾನು ಹಿಂತಿರುಗಿದ ವಿಮಾನದಲ್ಲೇ ಶೇಖರನಿಗೂ ಜಾಗ ಸಿಕ್ಕಿತ್ತು. ಕಂಪನಿಯವರು ತಡೆಯಲಿಲ್ಲ. ಪಾಸ್‌ಪೋರ್ಟ್ ಕೊಟ್ಟು ಕಳಿಸಿದರು. ಹೊಸ ಅಂಗಿ ಹಾಕಿ, ಕಾಲರಿನ ಗುಂಡಿಯನ್ನೂ ಹಾಕಿಕೊಂಡು ನನ್ನ ಪಕ್ಕ ಕೂತಿದ್ದ. ಊಟ ಬಂದಾಗ ಮುಟ್ಟಲಿಲ್ಲ.

“ನೀವು ರೇಡಿಯೋದಲ್ಲಿ ಮಕ್ಕಳ ಜೊತೆ ಮಾತಾಡ್ತೀರಲ್ಲ” ಎಂದ ಸ್ವಲ್ಪ ಹೊತ್ತಿನ ಮೇಲೆ. “ಗುರ್ತ ಇಲ್ಲದ ಮಗುವಿನ ಹತ್ರ ಮೊದಲು ಎಂತ ಹೇಳಬೇಕು?”

ಹೆಸರು ಕೇಳು ಎಂದೆ.

“ಹೆಸರು ನನಗೆ ಗೊತ್ತುಂಟಲ್ಲ. ನಾನೇ ಇಟ್ಟದ್ದು, ಕಾಗದದಲ್ಲಿ.”

ಹಾಗಾದರೆ ಏನಾದರೂ ಆಟದ ಸಾಮಾನು ತೋರಿಸು ಎಂದೆ. ಅವನು ಅದನ್ನು ಮನಸ್ಸಿನಲ್ಲೇ ಮಾಡಿ ನೋಡಿದಂತೆ ಕಂಡಿತು. ಕೆಳಗೆ ಸಮುದ್ರ ಮುಗಿದು ಬೊಂಬಾಯಿಯ ಕೊಳೆಗೇರಿಯ ಮಾಡುಗಳು ಕಾಣಿಸಿದವು.

ಉಡುಪಿಯ ಬಸ್ಸಿಗೆ ಇಬ್ಬರದೂ ಟಿಕೆಟು ತೆಗೆಯುತ್ತೇನೆಂದಾಗ ಬೇಡವೆಂದ. ಇಲ್ಲಿ ಗುರ್ತದವರು ಒಬ್ಬರಿದ್ದಾರೆ, ಎರಡು ದಿನ ಬಿಟ್ಟು ಬರ್ತೇನೆ ಎಂದ. ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಕೈಯಲ್ಲಿಟ್ಟು, ಮನೆಗೆ ಮುಟ್ಟಿಸಬಹುದಾ ಎಂದು ಕೇಳಿದ. ಒಟ್ಟಿಗೇ ಬಾ ಎಂದು ನಾನು ಒತ್ತಾಯ ಮಾಡಿದೆ. ಅವನು ಬೇರೆ ಕಡೆ ನೋಡುತ್ತ, “ಬರೀ ಕೈಯಲ್ಲಿ ಹೋಗಿ ನಿಂತರೆ ಎಂತಕ್ಕೆ ಬಂದದ್ದು ಅಂತ ಕೇಳ್ತಾರೆ. ಅದಕ್ಕೆ ಎಂತ ಹೇಳುವುದು?” ಎಂದ.

ಪಡುಬಿದ್ರೆ

ವಾರ ಕಳೆದ ಮೇಲೆ ಚೀಲ ಹಿಡಿದು ಅವನ ಮನೆ ಹುಡುಕಿಕೊಂಡು ಹೋದೆ. ಅರ್ಧ ಕಟ್ಟಿದ ಮನೆ, ಮುಂದಿನ ಕೋಣೆಗೆ ಮಾತ್ರ ಹಂಚು. ಶೇಖರ ಬಂದಿರಲಿಲ್ಲ. ಬೊಂಬಾಯಿಯಿಂದಲೇ ಇನ್ನೊಂದು ಕಂಪನಿ ಹಿಡಿದು ಅವನು ದೋಹಾಕ್ಕೆ ಹೋದನೆಂದು ಸಿರಿಲ್ ನನಗೆ ತಿಳಿಸಿದ್ದು ತಿಂಗಳುಗಳ ನಂತರ. ಆ ದಿನ ಅದು ನನಗೂ ಗೊತ್ತಿಲ್ಲ, ಅವನ ಹೆಂಡತಿ ವಾರಿಜಳಿಗೂ ಗೊತ್ತಿಲ್ಲ.

ಅವನು ಬೊಂಬಾಯಿಗೆ ಬಂದಿದ್ದಾನೆ ಎಂದು ಹೇಳಿದೆ. ಒಮಾನ್ ಬಿಟ್ಟದ್ದೇ ಅವಳಿಗೆ ತಿಳಿದಿರಲಿಲ್ಲ. ಯಾಕೆ ಬಂದ, ಯಾವಾಗ ಬರುತ್ತಾನೆ ಎಂದು ಕೇಳುತ್ತಾಳೆಂದು ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಅವಳು ಅದನ್ನು ಕೇಳಲಿಲ್ಲ. ಮಗಳು ಚೀಲದಿಂದ ಹಳದಿ ಫ್ರಾಕೊಂದನ್ನು ತೆಗೆದು ಎದೆಗೆ ಹಿಡಿದು ನೋಡುತ್ತಿದ್ದಳು.

“ನೀವು ಅವರ ಜೊತೆ ಮಾತಾಡಿದ್ದೀರಲ್ಲ” ಎಂದಳು ವಾರಿಜ. “ಅವರ ಸ್ವರ ಈಗ ಹೇಗುಂಟು?”

ನಾನು ಜೀವಮಾನವಿಡೀ ಸ್ವರದ ಕೆಲಸ ಮಾಡಿದವನು. ಮೆಲ್ಲಗಿನ ಸ್ವರ, ಸ್ವಲ್ಪ ಒಡೆದದ್ದು, ಮಾತಿನ ಕೊನೆಗೆ ಇಳಿದುಹೋಗುವಂಥದ್ದು ಎಂದು ನೆನಪು ಮಾಡಿಕೊಂಡು ಹೇಳಿದೆ.

ಅವಳು ಮಗಳ ಹೆಗಲಿಗೆ ಫ್ರಾಕನ್ನು ಸರಿಮಾಡಿ ಹಿಡಿದಳು.

“ಹಾಗಿರಲಿಲ್ಲ” ಎಂದಳು. “ದೊಡ್ಡದಿತ್ತು. ಗದ್ದೆಯ ಆಚೆಯಿಂದ ಕರೆದರೂ ಕೇಳ್ತಿತ್ತು.”